ಜಿಗ್‌ಸಾ ಬ್ಲೇಡ್: ಮಾಮೂಲಿ ಪ್ಯಾಕ್ ಕೈಕೊಡುವ ಕಡೆ ಯಾವುದನ್ನು ಹಾಕಬೇಕು?

ಬಿಳಿ ಮೈಕಾ ಅಂಟಿಸಿದ 18 ಎಂಎಂ ಪ್ಲೈವುಡ್ಡಿನಲ್ಲಿ ಸ್ವಿಚ್ ಬಾಕ್ಸಿಗೆ ಒಂದು ಚೌಕ ತೆಗೆಯಬೇಕು. ಗೆರೆ ಸರಿಯಾಗಿದೆ, ಜಿಗ್‌ಸಾ (ಕಿರಿದಾದ ಅಲಗು ಮೇಲೆ ಕೆಳಗೆ ಓಡುತ್ತ ಕತ್ತರಿಸುವ ಕರೆಂಟ್ ಗರಗಸ) ಚೆನ್ನಾಗಿದೆ, ಕೈಯೂ ಪಳಗಿದೆ. ಆದರೂ ಕತ್ತರಿಸಿ ಹೊಟ್ಟು ಊದಿ ನೋಡಿದರೆ ಗೆರೆಯುದ್ದಕ್ಕೂ ಮೈಕಾ ಇಲಿ ಕಡಿದ ಹಾಗೆ ಚೂರೆದ್ದಿರುತ್ತದೆ. ಅದೇ ಬ್ಲೇಡಿನಲ್ಲಿ ದೇವರ ಮಂಟಪಕ್ಕೆಂದು ತೇಗದ ಹಲಗೆಯಲ್ಲಿ ಕಮಾನು ತೆಗೆದರೆ, ಮೇಲ್ಗಡೆ ಗೆರೆ ಬಿಡದೆ ಬಂದ ಕಟಿಂಗ್ ಕೆಳಗಡೆ ಎರಡು ಮೂರು ಎಂಎಂ ಆಚೆ ಸರಿದಿರುತ್ತದೆ. ಮೆಷಿನ್ ಜೊತೆ ಬಂದ ಬ್ಲೇಡನ್ನೇ ಎಲ್ಲದಕ್ಕೂ ಹಾಕಿದರೆ ಆಗುವುದು ಹೀಗೆ.

ಸರಿ, ಬೇರೆ ಬ್ಲೇಡ್ ತರೋಣ ಎಂದು ಹಾರ್ಡ್‌ವೇರ್ ಅಂಗಡಿಗೆ ಹೋದರೆ ಟಿ 101 ಬಿಆರ್, ಟಿ 308 ಬಿ, ಟಿ 244 ಡಿ, ಟಿ 141 ಎಚ್‌ಎಂ ಎಂದು ಪ್ಯಾಕೆಟ್‌ಗಳ ಸಾಲು. ಇವುಗಳಲ್ಲಿ ಪ್ರತಿಯೊಂದೂ ಒಂದು ಗುಣ ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುತ್ತದೆ. ಅಂಚು ಚೂರೇಳದ ಹಾಗೆ ಕತ್ತರಿಸುವ ಬ್ಲೇಡ್ ನಿಧಾನ. ಸಣ್ಣ ತಿರುವಿನಲ್ಲಿ ಹೊರಳುವ ಬ್ಲೇಡ್ ದಪ್ಪ ಮರದಲ್ಲಿ ಬಾಗುತ್ತದೆ. ಬಾಗದೆ ನೆಟ್ಟಗೆ ನಿಲ್ಲುವ ಬ್ಲೇಡ್ ತಿರುಗುವುದೇ ಇಲ್ಲ. ನಿಮ್ಮ ಕೆಲಸದಲ್ಲಿ ಯಾವುದನ್ನು ಬಿಟ್ಟುಕೊಟ್ಟರೆ ನಡೆಯುತ್ತದೆ ಎನ್ನುವುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು.

ಕೊಳ್ಳುವ ಮೊದಲು ನೋಡಬೇಕಾದ್ದು

ಮೊದಲನೆಯದು, ಹಲಗೆಯ ಯಾವ ಮುಖ ಕಣ್ಣಿಗೆ ಬೀಳುತ್ತದೆ ಎಂಬುದು. ಜಿಗ್‌ಸಾದ ಸಾಮಾನ್ಯ ಬ್ಲೇಡಿನ ಹಲ್ಲು ಮೇಲಕ್ಕೆ ಮುಖ ಮಾಡಿರುತ್ತದೆ, ಮೇಲೆ ಎಳೆಯುವಾಗ ಕತ್ತರಿಸುತ್ತದೆ. ಸ್ವಿಟ್ಜರ್ಲೆಂಡಿನ ಸಿಂಟಿಲಾ ಕಂಪನಿಯ ಆಲ್ಬರ್ಟ್ ಕಾಫ್‌ಮನ್ 1946ರಲ್ಲಿ ಹೊಲಿಗೆ ಯಂತ್ರದ ಸೂಜಿಯ ಜಾಗಕ್ಕೆ ಗರಗಸದ ಅಲಗು ಸಿಕ್ಕಿಸಿದ್ದೇ ಈ ಮೆಷಿನ್ನಿನ ಹುಟ್ಟು ಎಂದು ಹೇಳುತ್ತಾರೆ. ಹಲ್ಲು ಮೇಲಕ್ಕೆಳೆದಾಗ ಮೆಷಿನ್ ಹಲಗೆಗೆ ತಾನಾಗಿ ಅದುಮಿಕೊಳ್ಳುತ್ತದೆ, ಅದು ಅನುಕೂಲ. ಆದರೆ ಹಲ್ಲು ಹೊರಬರುವ ಮುಖದಲ್ಲೇ ಚೂರೇಳುವುದರಿಂದ ಹಾಳಾಗುವುದು ಮೇಲಿನ ಮುಖ.

ಎರಡನೆಯದು ಉದ್ದ. ಪ್ಲಗ್ ತೆಗೆದು, ಬ್ಲೇಡ್ ಹಾಕಿ, ಅದು ಪೂರ್ತಿ ಮೇಲೆ ಬರುವ ತನಕ ಕೈಯಿಂದ ಸರಿಸಿ. ಆಗ ಬೇಸ್ ಪ್ಲೇಟಿನಿಂದ (ಹಲಗೆಯ ಮೇಲೆ ಕೂರುವ ಮೆಷಿನ್ನಿನ ತಳದ ತಗಡು) ಕೆಳಗೆ ಎಷ್ಟು ಚಾಚಿಕೊಂಡಿದೆ ಎಂದು ಅಳೆಯಿರಿ. ಅದು ಹಲಗೆಯ ದಪ್ಪಕ್ಕಿಂತ 5ರಿಂದ 10 ಎಂಎಂ ಜಾಸ್ತಿ ಇರಲೇಬೇಕು. ವೃತ್ತಿಯವರ ದೊಡ್ಡ ಮೆಷಿನ್‌ಗಳಲ್ಲಿ ಬ್ಲೇಡ್ ಸುಮಾರು 26 ಎಂಎಂ ಮೇಲೆ ಕೆಳಗೆ ಓಡುತ್ತದೆ, ಮನೆ ಬಳಕೆಯ ಚಿಕ್ಕವುಗಳಲ್ಲಿ 18–20 ಎಂಎಂ. ಮೇಲೆ ಹೋದಾಗ ತುದಿ ಮರದೊಳಗೆ ಸೇರಿಕೊಂಡರೆ, ಇಳಿಯುವಾಗ ಮರಕ್ಕೇ ಗುದ್ದುತ್ತದೆ. ಮೆಷಿನ್ ಕುಣಿಯುತ್ತದೆ, ಬ್ಲೇಡ್ ಮಡಚಿಕೊಳ್ಳುತ್ತದೆ. ಬ್ಲೇಡ್ ಕೆಟ್ಟದ್ದು ಎಂದು ಬೈಸಿಕೊಳ್ಳುವ ಎಷ್ಟೋ ಬ್ಲೇಡ್‌ಗಳು ನಿಜದಲ್ಲಿ ಗಿಡ್ಡವಾಗಿರುತ್ತವೆ, ಅಷ್ಟೇ.

ಮೂರನೆಯದು ಹಲ್ಲಿನ ಅಂತರ. ಹಲಗೆಯ ದಪ್ಪದೊಳಗೆ ಒಂದೇ ಸಲಕ್ಕೆ ಮೂರು ಹಲ್ಲಾದರೂ ಇರಬೇಕು. ಮಾಮೂಲಿ ಬ್ಲೇಡ್ ಟಿ 101 ಬಿ ಯಲ್ಲಿ ಹಲ್ಲಿನಿಂದ ಹಲ್ಲಿಗೆ 2.5 ಎಂಎಂ, ಹಾಗಾಗಿ 18 ಎಂಎಂ ಪ್ಲೈನಲ್ಲಿ ಏಳು ಹಲ್ಲು ಕೆಲಸ ಮಾಡುತ್ತವೆ. 1 ಎಂಎಂ ಮೈಕಾ ಶೀಟನ್ನು ಅಂಟಿಸುವ ಮುಂಚೆ ಅದೇ ಬ್ಲೇಡಿನಲ್ಲಿ ಕೊಯ್ದರೆ ಹಲ್ಲುಗಳ ನಡುವೆ ಶೀಟ್ ಸಿಕ್ಕಿಹಾಕಿಕೊಂಡು ಸೀಳುತ್ತದೆ. ಆ ಕೆಲಸಕ್ಕೆ ಜಿಗ್‌ಸಾ ಬೇಡ, ಮೈಕಾ ಕಟರ್‌ನಲ್ಲಿ ಗೀರಿ ಮುರಿಯಿರಿ. ದಪ್ಪ ಮರಕ್ಕೆ ಸಣ್ಣ ಹಲ್ಲು ಹಾಕಿದರೆ ಹೊಟ್ಟು ಹಲ್ಲಿನ ಸಂದಿಯಲ್ಲಿ ಗಟ್ಟಿಯಾಗಿ ಕೂತು ಬ್ಲೇಡ್ ಕಾಯುತ್ತದೆ.

ಉಳಿದದ್ದು ನಿಮ್ಮ ಮೆಷಿನ್. ಈಗಿನವಕ್ಕೆ ಟಿ ಆಕಾರದ ಬುಡದ ಬ್ಲೇಡ್ ಬೇಕು. ಹಳೆಯವಕ್ಕೆ, ಕೆಲವು ಅಗ್ಗದವಕ್ಕೆ ಯು ಬುಡ ಬೇಕಾಗಬಹುದು, ಆಗ ಕೆಳಗೆ ಹೇಳಿರುವ ವಿಶೇಷ ಬ್ಲೇಡ್‌ಗಳಲ್ಲಿ ಹೆಚ್ಚಿನವು ಹುಡುಕಿದರೂ ಸಿಗುವುದು ಕಷ್ಟ. ಬ್ಲೇಡಿನ ಬೆನ್ನಿಗೆ ಆನಿಕೊಳ್ಳುವ ಚಿಕ್ಕ ರೋಲರ್ ಸಡಿಲವಾಗಿದ್ದರೆ ಎಷ್ಟು ದುಬಾರಿ ಬ್ಲೇಡ್ ಹಾಕಿದರೂ ಗೆರೆ ಬಿಟ್ಟು ಹೋಗುತ್ತದೆ.

ಪ್ಯಾಕೆಟ್ ಮೇಲಿನ ಸಂಕೇತ ಬಾಷ್ ಕಂಪನಿಯದು. ಬೇರೆ ಎಷ್ಟೋ ಕಂಪನಿಗಳೂ ಅದನ್ನೇ ಅಚ್ಚು ಹಾಕುವುದರಿಂದ ಓದಲು ಕಲಿತರೆ ಲಾಭ. ಮೊದಲ ಅಂಕಿ ಉದ್ದದ್ದು: 1 ಎಂದರೆ ಒಟ್ಟು 100 ಎಂಎಂ ಅಥವಾ ಅದರ ಒಳಗೆ, 3 ಅದಕ್ಕಿಂತ ಉದ್ದ, 7 ಸುಮಾರು 180. ಎ ಇಂದ ಡಿ ವರೆಗೆ ಹೋದಂತೆ ಹಲ್ಲು ದೊಡ್ಡದಾಗುತ್ತದೆ. ಆಮೇಲೆ ಬರುವ ಒ ಎಂದರೆ ತಿರುವಿಗಾಗಿ ಕಿರಿದು ಮಾಡಿದ ಬ್ಲೇಡ್, ಆರ್ ಎಂದರೆ ತಿರುಗುಮುರುಗು ಹಲ್ಲು, ಪಿ ಎಂದರೆ ಬಾಗದ ದಪ್ಪ ಮೈ, ಎಕ್ಸ್ ಎಂದರೆ ಒಂದು ತುದಿಯಿಂದ ಇನ್ನೊಂದಕ್ಕೆ ದೊಡ್ಡದಾಗುತ್ತ ಹೋಗುವ ಹಲ್ಲು, ಎಫ್ ಎಂದರೆ ಬೈಮೆಟಲ್ (ಎರಡು ಬಗೆಯ ಉಕ್ಕು ಬೆಸೆದದ್ದು), ಎಚ್‌ಎಂ ಎಂದರೆ ಕಾರ್ಬೈಡ್, ಅಂದರೆ ಉಕ್ಕಿಗಿಂತ ಗಟ್ಟಿ ವಸ್ತುವಿನ ಹಲ್ಲು.

ಅಂಚು ಚೂರೇಳಬಾರದು: ಮೂರು ದಾರಿ

ಖರ್ಚಿಲ್ಲದ ದಾರಿ ಮೊದಲು. ಮಾಮೂಲಿ ಟಿ 101 ಬಿ ಯನ್ನೇ ಹಾಕಿ, ಹಲಗೆಯನ್ನು ಬೋರಲು ಹಾಕಿ, ಹಿಂಭಾಗದಲ್ಲಿ ಗೆರೆ ಎಳೆದು ಕತ್ತರಿಸಿ. ಚೂರೇಳುವುದು ಹಿಂಭಾಗದಲ್ಲಿ, ಅದು ಗೋಡೆಯ ಕಡೆ ಹೋಗುತ್ತದೆ. ಒಂದೇ ಎಚ್ಚರಿಕೆ, ಅಳತೆಯನ್ನು ಎಡಬಲ ಅದಲುಬದಲು ಮಾಡಿ ಗುರುತು ಹಾಕಬೇಕು. ಎಡ ಅಂಚಿನಿಂದ 120 ಎಂಎಂ ಎಂದಿದ್ದದ್ದು ಬೋರಲು ಹಾಕಿದ ಮೇಲೆ ಬಲ ಅಂಚಿನಿಂದ 120. ಇದನ್ನು ಮರೆತು ಹಾಳಾದ ಬೀರು ಬಾಗಿಲುಗಳಿಗೆ ಲೆಕ್ಕವಿಲ್ಲ. ಕೂರಿಸಿಯಾಗಿರುವ ಬೀರಿನ ಬೆನ್ನಲ್ಲಿ ಪ್ಲಗ್ ಪಾಯಿಂಟಿಗೆ ತೂತು ಮಾಡಬೇಕಿದ್ದರೆ, ಅಥವಾ ಎರಡೂ ಮುಖಕ್ಕೆ ಮೈಕಾ ಇದ್ದರೆ, ಈ ದಾರಿ ಮುಚ್ಚಿದಂತೆ.

ಮೇಲಿನ ಮುಖ ಮಾತ್ರ ಕಾಣುವ ಕಡೆ ಆಗ ಕೈಹಿಡಿಯುವುದು ಟಿ 101 ಬಿಆರ್. ಇದನ್ನೂ ಟಿ 101 ಬಿ ಯನ್ನೂ ಅಕ್ಕಪಕ್ಕ ಇಟ್ಟರೆ ಮೊದಲ ನೋಟಕ್ಕೆ ಅವಳಿಜವಳಿ, ಹಲ್ಲಿನ ಅಂತರವೂ ಅದೇ 2.5 ಎಂಎಂ. ಬುಡ ಮೇಲಿರುವಂತೆ ಹಿಡಿದು ಹಲ್ಲಿನ ಮೇಲೆ ಉಗುರು ಸವರಿ ನೋಡಿ: ಮಾಮೂಲಿಯದರಲ್ಲಿ ಉಗುರು ಕೆಳಗಿಳಿಯುವಾಗ ಸಿಕ್ಕಿಕೊಳ್ಳುತ್ತದೆ, ಬಿಆರ್‌ನಲ್ಲಿ ಮೇಲೇರುವಾಗ. ಹಲ್ಲು ಕೆಳಕ್ಕೆ ಒತ್ತುತ್ತ ಕತ್ತರಿಸುವುದರಿಂದ ಮೇಲಿನ ಮೈಕಾ ಹಲಗೆಗೇ ಅದುಮಿಕೊಂಡಿರುತ್ತದೆ. ಹೊಟ್ಟೂ ಕೆಳಗೆ ಬೀಳುವುದರಿಂದ ಗೆರೆ ಚೆನ್ನಾಗಿ ಕಾಣುತ್ತದೆ.

ಇದಕ್ಕೆ ತೆರಬೇಕಾದ ಬೆಲೆ, ಮೆಷಿನ್ ಪ್ರತಿ ಏಟಿಗೂ ಮೇಲಕ್ಕೆ ಹಾರಲು ನೋಡುವುದು. ಒಂದು ಕೈಯಲ್ಲಿ ಹಿಡಿದು ಓಡಿಸುವ ಅಭ್ಯಾಸ ಇಲ್ಲಿ ನಡೆಯದು. ಎರಡೂ ಕೈಯಲ್ಲಿ ಕೆಳಕ್ಕೆ ಒತ್ತಿ ಹಿಡಿಯಬೇಕು, ಪೆಂಡುಲಮ್ ಲಿವರ್ (ಬ್ಲೇಡ್ ಹಿಂದೆ ಮುಂದೆ ತೂಗುವುದನ್ನು ಹೆಚ್ಚು ಕಡಿಮೆ ಮಾಡುವುದು) ಸೊನ್ನೆಗೆ ಇಡಬೇಕು, ಮೆಲ್ಲಗೆ ಮುಂದೆ ಹೋಗಬೇಕು. ಸ್ವಿಚ್ ಬಾಕ್ಸಿನ ಚೌಕಕ್ಕೆ ನಾಲ್ಕೂ ಮೂಲೆಯ ಒಳಗೆ 10 ಎಂಎಂ ಬಿಟ್‌ನಲ್ಲಿ ತೂತು ಹಾಕಿಕೊಂಡು ಅಲ್ಲಿಂದ ಶುರುಮಾಡಿ. ಬ್ಲೇಡನ್ನು ಹಲಗೆಗೆ ಚುಚ್ಚಿ ಇಳಿಸುವ ಸಾಹಸ ಬಿಆರ್ ಜೊತೆ ಬೇಡವೇ ಬೇಡ, ಅದು ಒದ್ದು ಮೈಕಾದ ಮೇಲೆ ಗೀರು ಎಳೆಯುತ್ತದೆ. ಬೇಸ್ ಪ್ಲೇಟಿನ ಕೆಳಗೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಹೊಳಪು ಮೈಕಾಕ್ಕೆ ಗೀರು ಬೀಳುವುದಿಲ್ಲ. 30 ಎಂಎಂಗಿಂತ ದಪ್ಪದ ಹಲಗೆಗೆ ಇದನ್ನು ಹಾಕಬೇಡಿ. ಕೆಳಮುಖ ಹರಿದುಹೋಗುತ್ತದೆ ಎನ್ನುವುದೂ ಮನಸ್ಸಿನಲ್ಲಿರಲಿ.

ಎರಡೂ ಮುಖ ಕಾಣುವುದಾದರೆ ಟಿ 308 ಬಿ. ಹಲ್ಲಿನ ಅಂತರ 2.2 ಎಂಎಂ, ಒಟ್ಟು ಉದ್ದ 117 ಎಂಎಂ, 50 ಎಂಎಂ ದಪ್ಪದ ತನಕ ನಡೆಯುತ್ತದೆ. ಚೂಪಾಗಿ ಸಾಣೆ ಹಿಡಿದ ಹಲ್ಲು ನಾರನ್ನು ಕೀಳುವ ಬದಲು ಕೊಯ್ಯುತ್ತದೆ, ಮೆಷಿನ್ ಹಾರುವ ಕಾಟವೂ ಇಲ್ಲ. ಓಟ ನಿಧಾನ, ಬೆಲೆ ಮಾಮೂಲಿಗಿಂತ ಜಾಸ್ತಿ. ಅವಸರಪಟ್ಟು ತಳ್ಳಿದರೆ ಅದರ ಗುಣವೆಲ್ಲ ಹೋಗಿ ಮಾಮೂಲಿ ಬ್ಲೇಡೇ ಆಗುತ್ತದೆ.

ಈ ಮೂರಕ್ಕೂ ಜೊತೆಯಾಗಿ ಮಾಡಬಹುದಾದ ಒಂದು ಕೆಲಸವಿದೆ, ಅದು ಬ್ಲೇಡ್ ಬದಲಿಸುವಷ್ಟೇ ಫಲ ಕೊಡುತ್ತದೆ. 3 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡೊಂದನ್ನು ಬೇಸ್ ಪ್ಲೇಟಿನ ಅಳತೆಗೆ ಕತ್ತರಿಸಿ, ಮುಂದಿನ ಅಂಚಿನಿಂದ ಬ್ಲೇಡ್ ನಿಲ್ಲುವ ಜಾಗದವರೆಗೆ ನಿಮ್ಮ ಬ್ಲೇಡಿನಲ್ಲೇ ಸೀಳು ಕೊಯ್ದು, ಡಬಲ್ ಸೈಡ್ ಟೇಪಿನಲ್ಲಿ ಪ್ಲೇಟಿನ ಕೆಳಗೆ ಅಂಟಿಸಿ. ಬ್ಲೇಡಿನ ಎರಡೂ ಪಕ್ಕ ಹಲಗೆಯ ಮೈಯನ್ನು ಅದು ಅದುಮಿ ಹಿಡಿಯುವುದರಿಂದ ಚೂರು ಏಳಲು ಜಾಗವೇ ಇರುವುದಿಲ್ಲ. ಕೆಲವು ಮೆಷಿನ್‌ಗಳ ಜೊತೆ ಇದೇ ಕೆಲಸದ ಪ್ಲಾಸ್ಟಿಕ್ ತುಂಡು ಬರುತ್ತದೆ, ಬಹಳ ಜನ ಅದನ್ನು ಪೆಟ್ಟಿಗೆಯಲ್ಲೇ ಮರೆತಿರುತ್ತಾರೆ. ಇದನ್ನು ಹಾಕಿದಾಗ ಪೆಂಡುಲಮ್ ಸೊನ್ನೆಯಲ್ಲೇ ಇರಬೇಕು, ಇಲ್ಲದಿದ್ದರೆ ಸೀಳು ಅಗಲವಾಗಿ ಉಪಯೋಗ ತಪ್ಪುತ್ತದೆ.

ತಿರುವು, ಕಮಾನು, ಜಾಲಿ

6ರಿಂದ 12 ಎಂಎಂ ಪ್ಲೈನಲ್ಲಿ ಜಾಲಿ ಕೆಲಸಕ್ಕೆ ಟಿ 101 ಎಒ. ಕಿರಿದಾದ ಮೈ, 1.4 ಎಂಎಂ ಅಂತರದ ಹಲ್ಲು, ಒಟ್ಟು ಉದ್ದ 83 ಎಂಎಂ. ಪ್ರತಿ ಕಿಂಡಿಗೂ 8 ಎಂಎಂ ತೂತು ಕೊರೆದು ಬ್ಲೇಡ್ ಇಳಿಸಿ. ಒಳಮೂಲೆ ತೀರಾ ಚೂಪಿದ್ದರೆ ಬ್ಲೇಡನ್ನು ತಿರುಗಿಸಲು ಒದ್ದಾಡಬೇಡಿ, ಎರಡೂ ಕಡೆಯಿಂದ ಬಂದು ಮೂಲೆಯಲ್ಲಿ ಸೇರಿಸಿ. 15 ಎಂಎಂ ಇದರ ಗಡಿ. ಅಗ್ಗದ ತಮ್ಮ ಟಿ 119 ಬಿಒ, 2 ಎಂಎಂ ಅಂತರ. ಬಣ್ಣ ಬಳಿದು ಮುಚ್ಚುವ ಕೆಲಸಕ್ಕೆ ಅದು ಸಾಕು.

ಜನ ಎಡವುವುದು ದಪ್ಪ ಹಲಗೆಯ ಕಮಾನಿನಲ್ಲಿ. 25 ಎಂಎಂ ತೇಗಕ್ಕೆ ಎಒ ಹಾಕಿದರೆ ಅದು ತಿರುಗುತ್ತದೆ ನಿಜ, ಆದರೆ ಬ್ಲೇಡಿಗೆ ಆಸರೆ ಇರುವುದು ಮೇಲಿನ ರೋಲರ್ ಒಂದೇ. ಕೆಳತುದಿ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಮೆಷಿನ್ ತಿರುಗಿದರೂ ತುದಿ ಹಿಂದೆ ಉಳಿದು ತಿರುವಿನ ಹೊರಮಗ್ಗುಲಿಗೆ ವಾಲುತ್ತದೆ. ಅಂಚಿಗೆ ಮೂಲೆಮಟ್ಟ ಇಟ್ಟು ನೋಡಿದಾಗ ಬೆಳಕು ಕಾಣುವುದು ಇದರಿಂದಲೇ. ಈ ಜಾಗಕ್ಕೆ ಮಾಡಿದ್ದು ಟಿ 244 ಡಿ. ಹಲ್ಲು ದೊಡ್ಡದು, 4 ಎಂಎಂ ಅಂತರ, ಬೆನ್ನು ತುದಿಯ ಕಡೆ ಕಿರಿದಾಗುತ್ತ ಹೋಗುತ್ತದೆ. ಎಒದಷ್ಟು ಸಣ್ಣ ತಿರುವು ಇದಕ್ಕೆ ಆಗದು, ಅಂಚೂ ಒರಟು. ಆದರೆ 50 ಎಂಎಂ ತನಕ ಹೊಟ್ಟನ್ನು ಎತ್ತಿ ಹಾಕುತ್ತ ಮುಂದೆ ಸಾಗುತ್ತದೆ, ಕಾದು ಬಾಗುವುದು ಕಡಿಮೆ.

ಯಾವ ಬ್ಲೇಡ್ ಆದರೂ ಕಮಾನಿಗೆ ಮಾಡಬೇಕಾದ ತಯಾರಿ ಒಂದೇ. ಬಿಸಾಡುವ ಕಡೆಯಿಂದ ಗೆರೆಯ ತನಕ 20–25 ಎಂಎಂಗೆ ಒಂದರಂತೆ ಅಡ್ಡ ಕೊಯ್ತ ಹಾಕಿಕೊಳ್ಳಿ. ಮುಖ್ಯ ಗೆರೆಯಲ್ಲಿ ಹೋಗುವಾಗ ತುಂಡುಗಳು ಒಂದೊಂದಾಗಿ ಉದುರಿ ಬ್ಲೇಡಿಗೆ ತಿರುಗಲು ಜಾಗ ಸಿಗುತ್ತದೆ. ಮೆಷಿನ್ನನ್ನು ಪಕ್ಕಕ್ಕೆ ಒತ್ತದೆ ಮುಂದಕ್ಕೆ ಮಾತ್ರ ತಳ್ಳಿ, ಹಿಂಭಾಗವನ್ನು ತಿರುಗಿಸುತ್ತ ಹೋಗಿ. ಗೆರೆಯಿಂದ 1 ಎಂಎಂ ಆಚೆಯೇ ಕತ್ತರಿಸಿ ಉಳಿದದ್ದನ್ನು ಅರದಲ್ಲಿ ತೆಗೆಯಿರಿ. ಕಮಾನಿನ ಬಾಗಿಗೆ ಹೊಂದುವ ಪಿವಿಸಿ ಪೈಪಿಗೆ 80 ನಂಬರ್ ಸ್ಯಾಂಡ್ ಪೇಪರ್ ಸುತ್ತಿ ಉಜ್ಜಿ, ಆಮೇಲೆ 120. ತೇಗದಲ್ಲಿ ಸಿಲಿಕಾ ಇರುವುದರಿಂದ ಬ್ಲೇಡಿನ ಚೂಪು ಬೇಗ ಹೋಗುತ್ತದೆ. ಮಂಟಪದಷ್ಟು ಕೆಲಸಕ್ಕೆ ಎರಡು ಬ್ಲೇಡ್ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು.

ಮೈಸೂರಿನ ಬೀಟೆ ಮರದ ಇನ್‌ಲೇಯಂಥ ಕುಸುರಿಗೆ ಜಿಗ್‌ಸಾದ ಅತಿ ಕಿರಿದಾದ ಬ್ಲೇಡೂ ಒರಟೇ. ಅದು ಕೂದಲೆಳೆ ಅಲಗಿನ ಫ್ರೆಟ್ ಗರಗಸದ ಕೆಲಸ, ಇಲ್ಲಿ ಹೋಲಿಸುವುದೇ ತಪ್ಪು.

ನೆಟ್ಟಗೆ ನಿಲ್ಲಬೇಕಾದ ದಪ್ಪ ಕೊಯ್ತ

40 ಎಂಎಂ ಮತ್ತಿ ಅಥವಾ ಹೊನ್ನೆ ಹಲಗೆಯ ಅಂಚು ಮೂಲೆಮಟ್ಟಕ್ಕೆ ಕೂರಬೇಕಿದ್ದರೆ ಟಿ 144 ಡಿ ಸಾಲದು. ಅದು ಬೇಗ ಕತ್ತರಿಸುತ್ತದೆ, ಆದರೆ ವಾಲುತ್ತದೆ. ಟಿ 144 ಡಿಪಿ ಮೈ ದಪ್ಪ, ಹಾಗಾಗಿ ಬಾಗದೆ ಇಳಿಯುತ್ತದೆ. ಬದಲಿಗೆ ತಿರುವಿನ ಆಸೆ ಬಿಡಬೇಕು. ನೇರ ಗೆರೆಗೆ ಗೈಡ್ ಪಟ್ಟಿ ಕ್ಲಾಂಪ್ ಮಾಡಿಕೊಂಡೇ ಓಡಿಸಿ.

ಉದ್ದದ ಟಿ 744 ಡಿ 135 ಎಂಎಂ ತನಕ ಕೊಯ್ಯುತ್ತದೆ ಎಂದು ಬರೆದಿರುತ್ತದೆ, ಕೊಯ್ಯುತ್ತದೆ ಕೂಡ. ಆದರೆ ಅಷ್ಟುದ್ದದ ಬ್ಲೇಡ್ ಒಳಗೆ ಎತ್ತ ಹೋಯಿತು ಎಂದು ಮೇಲಿನಿಂದ ತಿಳಿಯುವುದೇ ಇಲ್ಲ. ಹಳೆಯ ತೊಲೆ, ಜಂತೆ ತುಂಡು ಮಾಡಲು ಸರಿ. ಜೋಡಣೆಗೆ ಬರುವ ಅಂಚನ್ನು ಇದರಿಂದ ನಿರೀಕ್ಷಿಸಬೇಡಿ, ಕೈಗರಗಸ ಇದಕ್ಕಿಂತ ಮೇಲು.

ಒಂದೇ ದಿನ 6 ಎಂಎಂ ಪ್ಲೈಯಿಂದ 50 ಎಂಎಂ ರೀಪಿನವರೆಗೆ ಎಲ್ಲವನ್ನೂ ಕತ್ತರಿಸುವ ಸೈಟ್ ಕೆಲಸಕ್ಕೆ ಟಿ 234 ಎಕ್ಸ್ ಚೆನ್ನ. ಹಲ್ಲಿನ ಅಂತರ ಬುಡದಲ್ಲಿ 2 ಎಂಎಂ, ತುದಿಯಲ್ಲಿ 3. ತೆಳು ಹಲಗೆಗೆ ಬುಡದ ಸಣ್ಣ ಹಲ್ಲು ತಾಗುತ್ತದೆ, ದಪ್ಪದ್ದಕ್ಕೆ ತುದಿಯ ದೊಡ್ಡ ಹಲ್ಲೂ ಸೇರಿಕೊಳ್ಳುತ್ತದೆ. ಯಾವುದರಲ್ಲೂ ಅತ್ಯುತ್ತಮವಲ್ಲ, ಯಾವುದರಲ್ಲೂ ಕೈಕೊಡುವುದಿಲ್ಲ.

ಗೋಡೆಗೆ ತಾಗಿ, ಎರಡು ಕಡೆ ಹಲ್ಲು

ಸಾಮಾನ್ಯ ಬ್ಲೇಡಿನ ಮುಂದೆ ಬೇಸ್ ಪ್ಲೇಟ್ ಚಾಚಿಕೊಂಡಿರುವುದರಿಂದ ಗೋಡೆಯ ಹತ್ತಿರದ ಕೊನೆಯ ಅಂಗುಲಗಳು ಉಳಿದುಬಿಡುತ್ತವೆ. ಹಲ್ಲಿನ ಸಾಲು ಬುಡಕ್ಕಿಂತ ಮುಂದೆ ಚಾಚಿರುವ ಫ್ಲಶ್ ಕಟ್ ಬ್ಲೇಡ್ ಇದಕ್ಕಾಗಿ ಬಂದದ್ದು. ನಿಮ್ಮ ಮೆಷಿನ್ನಿನ ಬೇಸ್ ಪ್ಲೇಟ್ ಹಿಂದಕ್ಕೆ ಸರಿಯುತ್ತದೆಯೇ ಎಂದು ಮೊದಲು ನೋಡಿ, ಸರಿಯದಿದ್ದರೆ ಕೊಂಡು ಪ್ರಯೋಜನವಿಲ್ಲ. ಹಲ್ಲು ಮುಂದಿರುವುದರಿಂದ ಬುಡದ ಮೇಲೆ ತಿರುಚುವ ಒತ್ತಡ ಜಾಸ್ತಿ, ಜೋರಾಗಿ ತಳ್ಳಿದರೆ ಅಲ್ಲೇ ಮುರಿಯುತ್ತದೆ. ವರ್ಷಕ್ಕೊಮ್ಮೆ ಸ್ಕರ್ಟಿಂಗ್ ಬಿಚ್ಚುವವರಿಗೆ ಸಾಕು. ಪದೇ ಪದೇ ಇಂಥ ಕೆಲಸ ಬರುವವರು ಆ ಹಣವನ್ನು ಅಲಗು ಅದುರುತ್ತ ಕತ್ತರಿಸುವ ಮಲ್ಟಿ ಟೂಲ್ ಕಡೆಗೆ ಕೂಡಿಡಲಿ.

ಎರಡೂ ಅಂಚಿಗೆ ಹಲ್ಲಿರುವ ಬ್ಲೇಡ್ ಹಿಂದಕ್ಕೂ ಕತ್ತರಿಸುತ್ತದೆ ಎನ್ನುವ ಆಕರ್ಷಣೆ ಇದೆ. ಆದರೆ ರೋಲರ್ ಆನಿಕೊಳ್ಳುವುದು ಬ್ಲೇಡಿನ ಬೆನ್ನಿಗೆ. ಆ ಜಾಗದಲ್ಲೂ ಹಲ್ಲು ಬಂದರೆ ರೋಲರ್ ಸವೆಯುತ್ತದೆ. ಬೇಡ ಎನ್ನುವುದೇ ನಮ್ಮ ಸಲಹೆ.

ಮರವಲ್ಲದ್ದು ಅಡ್ಡ ಬಂದಾಗ

ಫೈಬರ್ ಸಿಮೆಂಟ್ ಬೋರ್ಡಿಗೆ ಮರದ ಬ್ಲೇಡ್ ಹಾಕಿದರೆ ಸ್ವಲ್ಪ ದೂರಕ್ಕೇ ಹಲ್ಲು ಬೋಳಾಗುತ್ತದೆ. ಅದಕ್ಕೆ ಕಾರ್ಬೈಡ್ ಹಲ್ಲಿನ ಟಿ 141 ಎಚ್‌ಎಂ. ಬೆಲೆ ಹಲವು ಪಟ್ಟು, ಆದರೆ ಒಂದು ಪಾರ್ಟಿಶನ್ ಕೆಲಸದಲ್ಲೇ ಹಣ ವಾಪಸು. ದೂಳಿಗೆ ಸರಿಯಾದ ಮಾಸ್ಕ್ ಬೇಕೇ ಬೇಕು, ಕರ್ಚೀಫ್ ಕಟ್ಟಿಕೊಂಡರೆ ಸಾಲದು. ಕಾರ್ಬೈಡ್ ಹಲ್ಲು ಗಟ್ಟಿ, ಅಷ್ಟೇ ಪೆಡಸು. ಒಂದು ಮೊಳೆ ತಾಗಿದರೆ ಚಕ್ಕೆ ಎದ್ದುಹೋಗುತ್ತದೆ.

ಅಡುಗೆಮನೆಯ ಕ್ಯಾಬಿನೆಟ್ ಹಿಂದೆ ಗೋಡೆ ಟೈಲ್ಸಿನಲ್ಲಿ ಪೈಪಿಗೆ ಕಚ್ಚು ತೆಗೆಯಲು ಹಲ್ಲೇ ಇಲ್ಲದ, ಕಾರ್ಬೈಡ್ ಹರಳು ಅಂಟಿಸಿದ ಟಿ 130 ರಿಫ್ ಇದೆ. ಟೈಲ್ಸ್ ಕೂರಿಸುವ ಮೊದಲೇ, ಪೂರ್ತಿ ಆಸರೆ ಕೊಟ್ಟು, ಕಡಿಮೆ ವೇಗದಲ್ಲಿ, ನೀರು ಚಿಮುಕಿಸುತ್ತ ಉಜ್ಜಬೇಕು. ನೀರು ಮೆಷಿನ್ನಿನೊಳಗೆ ಹೋಗದಂತೆ ಹನಿ ಹನಿಯಾಗಿ ಹಾಕಿ. ಗಟ್ಟಿ ವಿಟ್ರಿಫೈಡ್ ಟೈಲ್ಸಿಗೂ ಗ್ರಾನೈಟಿಗೂ ಇದು ಆಗದು, ಅವಕ್ಕೆ ಡೈಮಂಡ್ ಬ್ಲೇಡಿನ ಗ್ರೈಂಡರ್.

ಸೋಫಾ, ದಿವಾನ್ ಮಾಡುವವರಿಗೆ ಒಂದು ಖುಷಿಯ ಸಂಗತಿ: ಟಿ 313 ಎಡಬ್ಲ್ಯೂ. ಇದು ಗರಗಸವಲ್ಲ, ಅಲೆಅಲೆಯಾದ ಅಂಚಿನ ಚಾಕು. 100 ಎಂಎಂ ದಪ್ಪದ ಫೋಮನ್ನು ಬ್ರೆಡ್ ಕೊಯ್ದಂತೆ ಕೊಯ್ಯುತ್ತದೆ, ಪುಡಿ ಏಳುವುದಿಲ್ಲ. ರಬ್ಬರ್, ಕಾರ್ಪೆಟ್, ರಟ್ಟಿಗೂ ನಡೆಯುತ್ತದೆ. ಫೋಮಿನ ಮೇಲೆ ತೆಳು ಪ್ಲೈ ಇಟ್ಟು ಅದುಮಿಕೊಂಡು ಅದರ ಅಂಚಿಗೇ ಬೇಸ್ ಪ್ಲೇಟ್ ತಾಗಿಸಿ ಓಡಿಸಿದರೆ ಅಂಚು ನೇರ ಬರುತ್ತದೆ. ಬರಿಗೈಯಲ್ಲಿ ಫೋಮ್ ಹಿಡಿಯಬೇಡಿ, ಚಾಕು ಕೈಯನ್ನೂ ಅಷ್ಟೇ ಸಲೀಸಾಗಿ ಕೊಯ್ಯುತ್ತದೆ.

ಯಾರು ಏನು ಕೊಳ್ಳಬೇಕು

ಮನೆಯಲ್ಲಿ ಆಗೀಗ ಕೆಲಸ ಮಾಡುವವರು ಟಿ 101 ಬಿ ಒಂದು ಪ್ಯಾಕ್, ಟಿ 101 ಎಒ ಒಂದು ಪ್ಯಾಕ್ ತಂದರೆ ಸಾಕು. ಚೂರೇಳುವುದನ್ನು ಬೋರಲು ಹಾಕಿ, ಎಂಡಿಎಫ್ ತುಂಡು ಅಂಟಿಸಿ ನಿಭಾಯಿಸಿ. ಮೂವತ್ತು ಬಗೆಯ ಬ್ಲೇಡ್‌ಗಳ ಅಗ್ಗದ ಸೆಟ್ ಕೊಂಡರೆ ಅರ್ಧಕ್ಕರ್ಧ ಮುಟ್ಟುವುದೇ ಇಲ್ಲ, ಬೇಕಾದ ಎರಡು ಮಾತ್ರ ಮೊದಲ ವಾರದಲ್ಲೇ ಸವೆದಿರುತ್ತವೆ.

ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್ ಫಿಟ್ಟಿಂಗ್ ಮಾಡುವವರಿಗೆ ಟಿ 101 ಬಿಆರ್ ಇಲ್ಲದೆ ಸೈಟಿಗೆ ಹೋಗುವುದು ಕಷ್ಟ. ಎರಡೂ ಮುಖ ಲ್ಯಾಮಿನೇಟ್ ಬರುವ ಬೋರ್ಡಿನ ಕೆಲಸವೇ ಹೆಚ್ಚಿದ್ದರೆ ಟಿ 308 ಬಿ ಸೇರಿಸಿ. ಇವರು ಬೈಮೆಟಲ್ ಕಡೆಗೂ ನೋಡಬೇಕು. ವಾಟರ್‌ಪ್ರೂಫ್ ಪ್ಲೈನ ಅಂಟು ಮಾಮೂಲಿ ಕಾರ್ಬನ್ ಸ್ಟೀಲ್ ಹಲ್ಲನ್ನು ಬೇಗ ತಿನ್ನುತ್ತದೆ, ಬೈಮೆಟಲ್ ಅದಕ್ಕಿಂತ ಬಹಳ ಬಾಳುತ್ತದೆ, ಬಾಗಿದರೂ ಸುಲಭಕ್ಕೆ ಮುರಿಯುವುದಿಲ್ಲ. ಮೆದು ಮರದಲ್ಲಿ ಅಷ್ಟು ವ್ಯತ್ಯಾಸ ಕಾಣದು, ಅಲ್ಲಿ ಕಾರ್ಬನ್ ಸ್ಟೀಲಿನ ಅಗ್ಗದ ಪ್ಯಾಕೇ ಲಾಭ.

ಗಟ್ಟಿ ಮರದಲ್ಲಿ ಮಂಟಪ, ಬಾಗಿಲು ಮಾಡುವ ಆಚಾರಿಗಳಿಗೆ ಟಿ 244 ಡಿ ಮತ್ತು ಟಿ 144 ಡಿಪಿ ಜೋಡಿ. ಕಾರ್ಬೈಡ್, ರಿಫ್, ಚಾಕು ಬ್ಲೇಡ್‌ಗಳನ್ನು ಆ ಕೆಲಸ ಕೈಗೆ ಬಂದ ದಿನ ಒಂದೊಂದೇ ತಂದರೆ ಸಾಕು, ಮುಂಚೆಯೇ ಕೊಂಡಿಟ್ಟುಕೊಳ್ಳುವ ಅಗತ್ಯವಿಲ್ಲ.

ಯಾವುದನ್ನು ಕೊಂಡರೂ ಸವೆದದ್ದನ್ನು ಎಳೆದಾಡಬೇಡಿ. ಕೊಯ್ದ ಅಂಚಿನಲ್ಲಿ ಕಂದು ಕಲೆ, ಸುಟ್ಟ ವಾಸನೆ, ಮುಂದೆ ಹೋಗಲು ಮೊದಲಿಗಿಂತ ಹೆಚ್ಚು ತಳ್ಳಬೇಕಾಗುವುದು, ಇವುಗಳಲ್ಲಿ ಒಂದು ಕಂಡರೂ ಬ್ಲೇಡ್ ಬದಲಿಸಿ. ತೆಗೆಯುವಾಗ ಬರಿಗೈಯಲ್ಲಿ ಮುಟ್ಟಬೇಡಿ, ಆಗತಾನೆ ನಿಲ್ಲಿಸಿದ ಬ್ಲೇಡ್ ಬೊಬ್ಬೆ ಬರುವಷ್ಟು ಸುಡುತ್ತಿರುತ್ತದೆ.